ನಾಲ್ಕನೆಯ ಲೈನ್ ತೆಗೆದಾಗ ವೇಗ ಹೆಚ್ಚಿತು

2011ರ ಮಳೆಗಾಲ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಿಂದ, ಅಂದರೆ ಲೋಹ ಎರಕದ ಕಾರ್ಖಾನೆಯಿಂದ, ನೆಟ್‌ವರ್ಕ್ ಸರಿಮಾಡಿಕೊಡಿ ಎಂದು ನನಗೆ ಕರೆ ಬಂತು. ಕಾರ್ಖಾನೆಗೂ ಬೆಂಗಳೂರಿನ ಪ್ರಧಾನ ಕಚೇರಿಗೂ ನಡುವೆ ಬಾಡಿಗೆಗೆ ಪಡೆದ ನಾಲ್ಕು ಮೀಸಲು ಡೇಟಾ ಲೈನ್‌ಗಳಿದ್ದವು, ಇ-1 ಲೀಸ್ಡ್ ಲೈನ್ ಎನ್ನುವಂಥವು. ಒಂದೊಂದರ ವೇಗ ಸೆಕೆಂಡಿಗೆ 2 ಮೆಗಾಬಿಟ್. ಹಲವು ಲೈನ್‌ಗಳನ್ನು ಒಂದೇ ಕಂತೆಯಾಗಿಸುವ ಮಲ್ಟಿಲಿಂಕ್ ಪಿಪಿಪಿ ವಿಧಾನದಲ್ಲಿ ನಾಲ್ಕನ್ನೂ ಕಟ್ಟಿ 8 ಮೆಗಾಬಿಟ್‌ನ ಒಂದೇ ದಾರಿ ಮಾಡಿದ್ದರು. ಎರಡು ವಾರದಿಂದ ಡಿಸ್ಪ್ಯಾಚ್ ವಿಭಾಗದಲ್ಲಿ ಇನ್‌ವಾಯ್ಸ್ ತೆಗೆಯಲು ಹೋದರೆ ಪರದೆ ಕದಲುತ್ತಿರಲಿಲ್ಲ. ಲಾರಿಗಳು ಗೇಟಿನಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಒಂದೂವರೆ ಗಂಟೆ ಕಳೆದರೆ ಎಲ್ಲವೂ ತಾನಾಗಿಯೇ ಸರಿಹೋಗುತ್ತಿತ್ತು. ಮತ್ತೆ ಕೆಡುತ್ತಿತ್ತು.

ಬೆಂಗಳೂರಿನವರು ತಮ್ಮ ರೌಟರ್ ನೋಡಿ, ನಾಲ್ಕೂ ಲೈನ್ ಚಾಲೂ ಇವೆ, ಒಂದು ದೋಷವೂ ಇಲ್ಲ ಎಂದು ಬರೆದು ಕಳುಹಿಸಿದ್ದರು. ಲೈನ್ ಕೊಟ್ಟವರು ಮೋಡೆಮ್‌ವರೆಗೆ ಪರೀಕ್ಷೆ ನಡೆಸಿ, ನಮ್ಮ ಕಡೆ ಸ್ವಚ್ಛವಾಗಿದೆ ಎಂದಿದ್ದರು. ಇಬ್ಬರೂ ಹೇಳಿದ್ದು ನಿಜವೇ. ಆದರೂ ಲಾರಿಗಳು ನಿಂತೇ ಇದ್ದವು. ಹುಬ್ಬಳ್ಳಿಯಿಂದ ಬೆಳಗಾವಿ ಸುಮಾರು 100 ಕಿಲೋಮೀಟರ್. ಮರುದಿನ ಬೆಳಗಿನ ಬಸ್ ಹಿಡಿದೆ.

ಕಟ್ಟಿದ ಲೈನ್‌ಗಳ ವಿಚಾರದಲ್ಲಿ ನನ್ನದೊಂದು ಗಟ್ಟಿ ನಂಬಿಕೆಯಿದೆ. ಸತ್ತ ಲೈನ್‌ಗೆ ಹೆದರಬೇಕಾಗಿಲ್ಲ, ರೌಟರ್ ಅದನ್ನು ತಾನೇ ಕಂತೆಯಿಂದ ಹೊರಗಿಟ್ಟು ಉಳಿದ ಮೂರರಲ್ಲಿ ಕೆಲಸ ಸಾಗಿಸುತ್ತದೆ. ಅರೆಜೀವದ ಲೈನ್ ಮಾತ್ರ ಇಡೀ ಕಂತೆಯನ್ನು ಹಾಳುಮಾಡುತ್ತದೆ. ಕಾರಣ ಮಲ್ಟಿಲಿಂಕ್ ಕೆಲಸ ಮಾಡುವ ರೀತಿಯಲ್ಲೇ ಇದೆ. ಇದರ ನಿಯಮ ಬರೆದಿರುವ, 1996ರಲ್ಲಿ ಬಂದ ಆರ್‌ಎಫ್‌ಸಿ ಸಂಖ್ಯೆ 1990 ಎಂಬ ಇಂಟರ್ನೆಟ್ ದಾಖಲೆ ಹೇಳುವಂತೆ, ಕಳುಹಿಸುವ ಕಡೆ ಮಾಹಿತಿಯ ಪೊಟ್ಟಣವನ್ನು, ಅಂದರೆ ಪ್ಯಾಕೆಟ್ಟನ್ನು, ತುಂಡು ಮಾಡಿ, ಪ್ರತಿ ತುಂಡಿಗೂ ಕ್ರಮಸಂಖ್ಯೆ ಕೊಟ್ಟು, ಬೇರೆಬೇರೆ ಲೈನ್‌ಗಳಲ್ಲಿ ಹಂಚಬಹುದು. ಇಲ್ಲಿ 1500 ಬೈಟ್‌ನ ಪ್ಯಾಕೆಟ್ ಲೈನ್‌ಗೆ ಸುಮಾರು 375 ಬೈಟ್‌ನಂತೆ ನಾಲ್ಕು ಪಾಲಾಗುತ್ತಿತ್ತು. ಒಂದು ತುಂಡು ಕೆಟ್ಟರೂ ಉಳಿದ ಮೂರು ವ್ಯರ್ಥ, ಇಡೀ ಪ್ಯಾಕೆಟ್ಟನ್ನು ಎಸೆಯಬೇಕು. ಹಾಗಾಗಿ ದೊಡ್ಡ ಪ್ಯಾಕೆಟ್ ಪ್ರತಿಯೊಂದೂ ಕೆಟ್ಟ ಲೈನ್‌ನ ಕೈಗೆ ಒಮ್ಮೆ ಸಿಕ್ಕೇ ಸಿಗುತ್ತದೆ. ಲೈನ್ ಜೀವಂತವಾಗಿದೆಯೇ ಎಂದು ಕೇಳುವ ಪುಟ್ಟ ಸಂದೇಶಗಳು ಮಾತ್ರ ಹೇಗೋ ನುಸುಳಿಕೊಳ್ಳುತ್ತವೆ, ಲೈನ್ ಚಾಲೂ ಎಂದೇ ತೋರುತ್ತಿರುತ್ತದೆ.

ಬೆಳಗಾವಿಯ ರೌಟರ್‌ಗೆ ಲ್ಯಾಪ್‌ಟಾಪ್ ಜೋಡಿಸಿ ‘ಶೋ ಪಿಪಿಪಿ ಮಲ್ಟಿಲಿಂಕ್’ ಎಂಬ ಆಜ್ಞೆ ಕೊಟ್ಟೆ. ಕಳೆದುಹೋದ ತುಂಡುಗಳ ಲೆಕ್ಕ ಕಣ್ಣೆದುರೇ ಏರುತ್ತಿತ್ತು. ಆದರೆ ಅದು ಇಡೀ ಕಂತೆಯ ಲೆಕ್ಕ, ಯಾವ ಲೈನ್ ಎಂದು ಹೇಳುವುದಿಲ್ಲ. ಅದಕ್ಕೆ ‘ಶೋ ಕಂಟ್ರೋಲರ್ಸ್ ಇ-1’ ಬೇಕು. ಆ ಆಜ್ಞೆ ಕಳೆದ 24 ಗಂಟೆಗಳನ್ನು 15 ನಿಮಿಷದ 96 ಕಂತುಗಳಾಗಿ ಇಟ್ಟುಕೊಟ್ಟು, ಪ್ರತಿ ಕಂತಿನ ದೋಷವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ನನ್ನ ಮಟ್ಟಿಗೆ ರೌಟರ್‌ನಲ್ಲಿ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇನ್ನೊಂದಿಲ್ಲ.

ಮೊದಲು ನೋಡಿದ್ದು ಸ್ಲಿಪ್ ಲೆಕ್ಕ. ಎರಡು ತುದಿಗಳ ಗಡಿಯಾರಗಳು ಹೊಂದದಿದ್ದರೆ ಇ-1ರಲ್ಲಿ 256 ಬಿಟ್‌ಗಳ ಫ್ರೇಮ್‌ಗಳು ಜಾರಿಹೋಗುತ್ತವೆ. ಹತ್ತು ಲಕ್ಷದಲ್ಲಿ 50ರಷ್ಟು ವ್ಯತ್ಯಾಸವಿದ್ದರೂ ಸಾಕು, ಎರಡೂವರೆ ಸೆಕೆಂಡಿಗೊಂದು ಫ್ರೇಮ್ ಹೋಗುತ್ತದೆ. ಇಲ್ಲಿ ನಾಲ್ಕರಲ್ಲೂ ಸ್ಲಿಪ್ ಸೊನ್ನೆ. ಗಡಿಯಾರದ ತಂಟೆಯಿಲ್ಲ.

ಆಮೇಲೆ ಲೈನ್ ಕೋಡ್ ದೋಷ, ಅಂದರೆ ತಂತಿಯಲ್ಲಿ ಬರುವ ಸಂಕೇತ ಕೆಟ್ಟಿರುವ ಲೆಕ್ಕ. ಅದರಲ್ಲಿ ಮೂರು ಲೈನ್ ಸ್ವಚ್ಛ. ನಾಲ್ಕನೆಯದರಲ್ಲಿ ಮಾತ್ರ ಐದಾರು ಕಂತುಗಳಲ್ಲಿ ಸಾವಿರಗಟ್ಟಲೆ ದೋಷ, ಮುಂದಿನ ಎರಡು ಕಂತು ಸೊನ್ನೆ, ಮತ್ತೆ ಸಾವಿರಗಟ್ಟಲೆ. ಮಳೆನೀರು ಇಳಿದ ಜಾಯಿಂಟ್ ಹೀಗೆ ಗಂಟೆ ನೋಡಿಕೊಂಡು ಕೆಡುವುದಿಲ್ಲ. ಬೆಂಗಳೂರಿನವರಿಗೆ ಏನೂ ಕಾಣದೆ ಹೋದದ್ದೇಕೆ ಎಂಬುದೂ ಆಗ ಹೊಳೆಯಿತು. ದೋಷವನ್ನು ಎಣಿಸುವುದು ಯಾವಾಗಲೂ ಪಡೆಯುವ ತುದಿ. ಕೆಡುತ್ತಿದ್ದದ್ದು ಬೆಳಗಾವಿಗೆ ಬರುವ ದಿಕ್ಕು, ಹೋಗುವ ದಿಕ್ಕು ಚೆನ್ನಾಗಿಯೇ ಇತ್ತು.

ಅನುಮತಿ ಪಡೆದು ನಾಲ್ಕನೆಯ ಲೈನನ್ನು ಕಂತೆಯಿಂದ ಬಿಡಿಸಿದೆ. ಡಿಸ್ಪ್ಯಾಚ್‌ನ ಹುಡುಗಿ ಒಳಗಿನಿಂದಲೇ ಕೂಗಿದಳು, “ಸರ್, ಈಗ ಬಂತು, ಏನು ಮಾಡಿದಿರಿ?” 8 ಮೆಗಾಬಿಟ್‌ನಲ್ಲಿ ಆಗದ ಕೆಲಸ 6ರಲ್ಲಿ ಆಗುತ್ತಿತ್ತು.

ಬಿಡಿಸಿದ ಲೈನ್‌ನ ಎರಡೂ ತುದಿಗೆ ಪ್ರತ್ಯೇಕ ಐಪಿ ವಿಳಾಸ ಕೊಟ್ಟು ಪಿಂಗ್ ಮಾಡಿದೆ, ಅಂದರೆ ಪರೀಕ್ಷೆಯ ಪ್ಯಾಕೆಟ್ ಕಳುಹಿಸಿ ಮರಳಿ ಬರುತ್ತದೆಯೇ ನೋಡಿದೆ. 64 ಬೈಟ್‌ನ ಸಾವಿರ ಪಿಂಗ್‌ಗಳಲ್ಲಿ ಹೋದದ್ದು ಆರು, 1500 ಬೈಟ್‌ನ ಸಾವಿರದಲ್ಲಿ 112. ಲೆಕ್ಕ ಹಾಕಿದರೆ ಲಕ್ಷ ಬಿಟ್‌ಗೆ ಸುಮಾರು ಒಂದು ಕೆಟ್ಟಂತೆ. 1500 ಬೈಟ್ ಎಂದರೆ 12,000 ಬಿಟ್, ನೂರಕ್ಕೆ ಹನ್ನೊಂದು ಪ್ಯಾಕೆಟ್ ಹೋಗಲೇಬೇಕು. ಬರೀ ಚಿಕ್ಕ ಪಿಂಗ್ ಕೊಟ್ಟು ಲೈನ್ ಸರಿಯಿದೆ ಎನ್ನುವವರನ್ನು ಕಂಡರೆ ನನಗೆ ಬೇಸರವಾಗುವುದು ಇದಕ್ಕೇ.

ಇನ್ನು ಉಳಿದದ್ದು ಗಂಟೆಯ ಲೆಕ್ಕ. ಆ 96 ಕಂತುಗಳ ಪಟ್ಟಿಯಲ್ಲಿ ಒಂದನೆಯ ಕಂತು ಎಂದರೆ ತೀರಾ ಈಚಿನದು, ಹಿಂದಕ್ಕೆ ಎಣಿಸುತ್ತ ಹೋಗಬೇಕು. ಹಾಳೆಯ ಮೇಲೆ ಗಂಟೆ ನಿಮಿಷ ಬರೆದುಕೊಂಡೆ. ಚಹಾ ಕುಡಿಯಲು ಹೊರಗೆ ಬಂದಾಗ ಕುಲುಮೆಯ ಫೋರ್‌ಮನ್ ಪಕ್ಕದಲ್ಲಿ ಕುಳಿತಿದ್ದರು, ಐವತ್ತೈದು ದಾಟಿದ ಹಿರಿಯರು. ಹಾಳೆ ನೋಡಿ, “ಇದೇನು ಸಾಹೇಬರೇ, ನಮ್ಮ ಹೀಟ್‌ಗಳ ಲೆಕ್ಕ ನೀವು ಬರೆಯುತ್ತೀರಾ?” ಎಂದರು. ಇಂಡಕ್ಷನ್ ಕುಲುಮೆಯಲ್ಲಿ ಒಂದು ಸಲ ಕರಗಿಸಿ ಸುರಿಯುವುದಕ್ಕೆ ಹೀಟ್ ಎನ್ನುತ್ತಾರೆ.

“ಕಾಕಾ, ರಿಜಿಸ್ಟರ್ ತರಿಸುತ್ತೀರಾ?” ಎಂದೆ.

ರಿಜಿಸ್ಟರ್ ಬಂತು. ಮೂಲೆ ಮಡಿಸಿದ, ಮಸಿ ಮೆತ್ತಿದ ಉದ್ದನೆಯ ಪುಸ್ತಕ. ಕುಲುಮೆಗೆ ಕರೆಂಟ್ ಕೊಟ್ಟ ವೇಳೆ, ಲೋಹ ಸುರಿದ ವೇಳೆ, ಎಲ್ಲವೂ ನೀಲಿ ಶಾಯಿಯಲ್ಲಿ, ದುಂಡನೆಯ ಅಕ್ಷರದಲ್ಲಿ. 10:40ಕ್ಕೆ ಶುರು, 11:50ಕ್ಕೆ ಸುರಿತ. ನನ್ನ ಹಾಳೆಯಲ್ಲಿ 10:30ರಿಂದ 12 ಗಂಟೆಯವರೆಗಿನ ಆರು ಕಂತು ಕೆಟ್ಟಿದ್ದವು. ಆ ದಿನದ ಹೀಟ್‌ಗಳೆಲ್ಲ ಒಂದೂ ತಪ್ಪದೆ ಕೂಡಿಬಂದವು. ಆ ಮನುಷ್ಯ ಅಷ್ಟು ಶ್ರದ್ಧೆಯಿಂದ ಬರೆದಿರದಿದ್ದರೆ ನಾನು ಇನ್ನೆಷ್ಟು ದಿನ ಹುಡುಕುತ್ತಿದ್ದೆನೋ.

ಮುಂದಿನದು ಸುಲಭವಾಯಿತು. ಮೋಡೆಮ್ ಕೋಣೆಯಿಂದ 75 ಓಮ್‌ನ ಕೋ-ಆಕ್ಸಿಯಲ್ ಕೇಬಲ್‌ಗಳು ರ್‍ಯಾಕ್‌ವರೆಗೆ ಬಂದು, ಎರಡನ್ನೂ ಹೊಂದಿಸುವ ಬ್ಯಾಲನ್ ಎಂಬ ಪುಟ್ಟ ಜೋಡಕದ ಮೂಲಕ ರೌಟರ್‌ನ 120 ಓಮ್ ಪೋರ್ಟ್‌ಗಳಿಗೆ ಸೇರುತ್ತಿದ್ದವು. ಹಳೆಯ ಮೂರು ಜೋಡಿ ಗೋಡೆಯ ಮೇಲಿನ ಬೇರೆ ಪೈಪಿನಲ್ಲಿ ಬರುತ್ತಿದ್ದವು. ನಾಲ್ಕನೆಯ ಜೋಡಿಯನ್ನು ಎರಡು ವಾರದ ಹಿಂದೆ ಹೊಸದಾಗಿ ಎಳೆದಿದ್ದರು, ಅದೂ ಕುಲುಮೆಯ ಪವರ್ ಕೇಬಲ್‌ಗಳ ಟ್ರೇಯಲ್ಲಿ. ದಾರಿ ಹತ್ತಿರವಾಗುತ್ತದೆ ಎಂದು.

ಟ್ರೇ ಒಂದೇ ಕಾರಣವಲ್ಲ. ಪವರ್ ಕೇಬಲ್‌ಗಳ ವಿದ್ಯುತ್ ಗದ್ದಲವನ್ನು ತಡೆಯಬೇಕಾದ ಹೊರಜಾಲರಿ ಸರಿಯಾಗಿದ್ದಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ರ್‍ಯಾಕ್ ಕಡೆಯ ಕೇಬಲ್ ತುದಿಯ ಬಿಎನ್‌ಸಿ ಕನೆಕ್ಟರ್ ಹಿಡಿದು ತಿರುಗಿಸಿದೆ. ಉಂಗುರದೊಳಗೆ ಕೇಬಲ್ ಸಡಿಲವಾಗಿ ಸುತ್ತಿತು. ಬಿಚ್ಚಿ ನೋಡಿದರೆ ಜಾಲರಿಯ ಎಳೆಗಳನ್ನು ಹಿಂದಕ್ಕೆ ಕತ್ತರಿಸಿಬಿಟ್ಟಿದ್ದರು, ಕೂದಲಿನಷ್ಟು ತೆಳುವಾದ ನಾಲ್ಕೈದು ಎಳೆ ಮಾತ್ರ ಲೋಹಕ್ಕೆ ತಾಗಿದ್ದವು. ಮಲ್ಟಿಮೀಟರ್ ಇಟ್ಟು ಕೇಬಲ್ ಅಲುಗಾಡಿಸಿದಾಗ ಜಾಲರಿಯ ರೋಧ ಒಂದು ಕಡೆ ನಿಲ್ಲದೆ ಏರಿಳಿಯಿತು.

ಹೊಸ ಕನೆಕ್ಟರ್‌ಗಳನ್ನು ನಾನೇ ಕ್ರಿಂಪ್ ಮಾಡಿದೆ, ಅಂದರೆ ಒತ್ತಿ ಕೂರಿಸಿದೆ. ಎಳೆಗಳನ್ನು ಸುತ್ತಲೂ ಸಮನಾಗಿ ಹರಡಿ, ಉಂಗುರ ತಳ್ಳಿ, ಹೇಳಿದ ಅಳತೆಯ ದವಡೆಯಲ್ಲೇ ಒತ್ತಬೇಕು. ಈ ಕೆಲಸವನ್ನು ಇಕ್ಕಳದಲ್ಲಿ ಮುಗಿಸುವವರ ಮೇಲೆ ನನಗೆ ಸಿಟ್ಟಿದೆ. ಕೇಬಲನ್ನು ಟ್ರೇಯಿಂದ ತೆಗೆಸಿ ಹಳೆಯ ಪೈಪಿಗೆ ಸೇರಿಸುವಷ್ಟರಲ್ಲಿ ಸಂಜೆ ನಾಲ್ಕಾಯಿತು. ಕೂಡಲೇ ಲೈನನ್ನು ಕಂತೆಗೆ ಸೇರಿಸಲಿಲ್ಲ. ಮುಂದಿನ ಹೀಟ್‌ಗೆ ಕರೆಂಟ್ ಕೊಡುವಾಗ ತಿಳಿಸಿ ಎಂದು ಫೋರ್‌ಮನ್‌ರನ್ನು ಕೇಳಿಕೊಂಡೆ. ಅವರೇ ನಡೆದು ಬಂದು, “ಈಗ ಶುರು” ಎಂದು ರ್‍ಯಾಕ್ ಪಕ್ಕದಲ್ಲೇ ನಿಂತರು. 1500 ಬೈಟ್‌ನ ಪಿಂಗ್ ಕೊಟ್ಟೆ. ಸಾವಿರಕ್ಕೆ ಸಾವಿರವೂ ಮರಳಿ ಬಂದವು.

ಲೈನನ್ನು ಕಂತೆಗೆ ಸೇರಿಸಿ, ರಾತ್ರಿ ಅಲ್ಲೇ ಉಳಿದು, ಮರುದಿನ ಸಂಜೆ 96 ಕಂತುಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿದೆ. ನಾಲ್ಕು ಲೈನ್‌ಗಳಲ್ಲೂ ಸೊನ್ನೆ. ಬೆಂಗಳೂರಿನವರಿಗೆ ಎರಡು ಮಾತು ಬರೆದೆ: ಎಚ್ಚರಿಕೆಯ ಗಂಟೆಯನ್ನು ಕಂತೆಗೆ ಕಟ್ಟದೆ ಒಂದೊಂದು ಲೈನ್‌ಗೂ ಕಟ್ಟಿ, ಎರಡೂ ತುದಿಯ ಲೆಕ್ಕವನ್ನೂ ತೆಗೆಯಿರಿ. ಆಮೇಲೆ ಹುಬ್ಬಳ್ಳಿಯ ಬಸ್ ಹತ್ತಿದೆ.