ನೆರಳಿಲ್ಲದ ಮುಖ: ಎಲಿಜಬೆತ್ ರಾಣಿಯ ಕಾಲದ ಮೇಕಪ್ ನಮ್ಮ ಮೈಬಣ್ಣಕ್ಕೆ

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಹೋದಾಗಲೆಲ್ಲ ನಾನು ಮೊದಲು ಹುಡುಕುವುದು ಮೊದಲನೇ ಎಲಿಜಬೆತ್ ರಾಣಿಯ ಡಾರ್ನ್ಲಿ ಚಿತ್ರವನ್ನು. 1575ರ ಸುಮಾರಿನದು. ಮದುವೆ ಮೇಕಪ್ ನನ್ನ ಕಸುಬು, ಮೂಗಿನ ಪಕ್ಕ, ದವಡೆಯ ಕೆಳಗೆ ಕಾಂಟೂರ್, ಅಂದರೆ ಮುಖಕ್ಕೆ ಆಕಾರ ಕೊಡುವ ಕಡುಬಣ್ಣದ ನೆರಳು, ಎಳೆದು ಎಳೆದು ಕೈ ಅದಕ್ಕೇ ಒಗ್ಗಿಹೋಗಿದೆ. ಆ ಮುಖದಲ್ಲಿ ಅಂಥ ನೆರಳೇ ಇಲ್ಲ. ಅದು ರಾಣಿಯೇ ಬಯಸಿದ್ದು. ಅವಳ ಪುಟ್ಟ ಚಿತ್ರಗಳನ್ನು ಬರೆಯುತ್ತಿದ್ದ ನಿಕೊಲಾಸ್ ಹಿಲಿಯರ್ಡ್ ಹೇಳುವಂತೆ, ಚಿತ್ರಕ್ಕೆ ಕೂರಲು ಅವಳು ಆರಿಸಿಕೊಂಡದ್ದು ಹತ್ತಿರದಲ್ಲಿ ಒಂದು ಮರವೂ ಇಲ್ಲದ, ನೆರಳೇ ಬೀಳದ ತೋಟದ ದಾರಿಯನ್ನು.

ಈ ಲುಕ್ ಮಾಡುವವರು ಹಿಡಿಯಬೇಕಾದ್ದು ಇದನ್ನೇ. ಮುಖಕ್ಕೆ ಬಿಳುಪು ಬಳಿಯಬೇಡಿ, ನೆರಳು ತೆಗೆಯಿರಿ.

ಹಿಂದೆ ನಾನೂ ತಪ್ಪು ಮಾಡಿದ್ದೆ. ಅಕ್ಕನ ಮಗಳ ಕಾಲೇಜಿನ ಫೋಟೋ ಶೂಟ್‌ಗೆ ಅವಳ ಬಣ್ಣಕ್ಕಿಂತ ಎರಡು ಶೇಡ್ ತಿಳಿಯ ಫೌಂಡೇಶನ್ ಹಾಕಿದೆ. ಅವಳದು ಎಣ್ಣೆಗೆಂಪು ಮೈಬಣ್ಣ. ಲೈಟ್ ಬಿದ್ದ ಕೂಡಲೇ ಮುಖ ಬೂದಿ ಮೆತ್ತಿದಂತಾಯಿತು, ಕತ್ತು ಬೇರೆಯವರದ್ದೇನೋ ಅನ್ನುವಷ್ಟು ವ್ಯತ್ಯಾಸ. "ಚಿಕ್ಕಮ್ಮ, ಇದು ನಾನಲ್ಲ" ಅಂದಳು. ಎಲ್ಲ ತೊಳೆದು ಮತ್ತೆ ಕೂತೆವು. ಕೆಳಗೆ ಬರೆದಿರುವುದು ಆ ಎರಡನೇ ಸಲ ಮಾಡಿದ್ದು.

ಕಿಟಕಿಗೆ ಎದುರಾಗಿ ಕೂರಿಸಿ. ಪಕ್ಕದಿಂದ ಬೆಳಕು ಬಿದ್ದರೆ ನೀವು ತೆಗೆದ ನೆರಳೆಲ್ಲ ವಾಪಸ್ ಬರುತ್ತದೆ. ಮಾಯಿಶ್ಚರೈಸರ್ ಹಚ್ಚಿ 5 ನಿಮಿಷ ಬಿಡಿ. ಫೌಂಡೇಶನ್ ಅವರವರ ಶೇಡ್‌ದೇ, ತೆಳ್ಳಗೆ, ಒದ್ದೆ ಸ್ಪಂಜಿನಿಂದ ಒತ್ತಿ ಒತ್ತಿ, ಕತ್ತಿನವರೆಗೂ. ಕಾಂಟೂರ್ ಬೇಡ, ಮುಖಕ್ಕೆ ಕಂದು ಛಾಯೆ ಕೊಡುವ ಬ್ರಾಂಜರ್ ಬೇಡ. ಬದಲಿಗೆ ಮುಖದಲ್ಲಿ ತಾನಾಗೇ ಕಪ್ಪಾಗಿ ಕಾಣುವ ಜಾಗ ಹುಡುಕಿ: ಕಣ್ಣಿನ ಕೆಳಗೆ, ಮೂಗಿನ ಹೊಳ್ಳೆಯ ಪಕ್ಕ, ತುಟಿಯ ಮೂಲೆ, ಕೂದಲು ಶುರುವಾಗುವ ಅಂಚು. ನಮ್ಮಲ್ಲಿ ಬಹಳ ಜನಕ್ಕೆ ಈ ಜಾಗಗಳಲ್ಲಿ ಕಪ್ಪು ಛಾಯೆ ಇರುತ್ತದೆ. ಅಲ್ಲಿ ಮೊದಲು ಕಪ್ಪನ್ನು ತಗ್ಗಿಸುವ ಕಿತ್ತಳೆ ಬಣ್ಣದ ಕರೆಕ್ಟರ್, ಮೇಲೆ ಅದನ್ನು ಮುಚ್ಚಲು ಮೈಬಣ್ಣದ್ದೇ ಕನ್ಸೀಲರ್. ಹಣೆಯ ನಡುವೆ ಮತ್ತು ಗದ್ದದ ಮೇಲೆ ಮಾತ್ರ ಒಂದು ಶೇಡ್ ತಿಳಿಯಾದದ್ದು ಸಾಕು.

ಆ ಕಾಲದ ಸಿರಿವಂತ ಹೆಂಗಸರು ಹಚ್ಚುತ್ತಿದ್ದ ಬಿಳುಪು ಸೆರೂಸ್, ಅಂದರೆ ಬಿಳಿ ಸೀಸ. ಸೀಸದ ತಗಡಿಗೆ ವಿನೆಗರ್ ಆವಿ ತಾಗಿಸಿ ಬರುವ ಪುಡಿ. ಚರ್ಮವನ್ನೂ ಹಾಳು ಮಾಡುತ್ತದೆ, ಮೈಯೊಳಗೂ ವಿಷ. ಇವತ್ತು ಆ ಕೆಲಸಕ್ಕೆ ಟೈಟಾನಿಯಂ ಡೈಆಕ್ಸೈಡ್ ಇದೆ. ಆದರೆ ಸೀಸ ಪೂರ್ತಿ ದೂರವಾಗಿದೆ ಅಂದುಕೊಳ್ಳಬೇಡಿ, ಲೇಬಲ್ ಇಲ್ಲದ ಸುರ್ಮಾದಲ್ಲಿ ಇವತ್ತಿಗೂ ಸಿಗುತ್ತದೆ. ದಯವಿಟ್ಟು ಕಣ್ಣಿಗೆ ಅಂಥದ್ದು ಹಾಕಬೇಡಿ.

ಬಿಳುಪಿನ ಮೇಲೆ ಮೊಟ್ಟೆಯ ಬಿಳಿ ಲೋಳೆ ಹಚ್ಚಿ ಒಣಗಿಸುತ್ತಿದ್ದರು, ವಾರ್ನಿಷ್ ಥರ. ಆ ನಯವಾದ ಹೊಳಪು ನನಗೆ ಬೇಕು. ಮೂಗಿನ ಪಕ್ಕಕ್ಕೆ ಮಾತ್ರ ಪೌಡರ್ ಹಾಕಿ, ಉಳಿದ ಕಡೆ ಸೆಟ್ಟಿಂಗ್ ಸ್ಪ್ರೇಯನ್ನು ಸ್ಪಂಜಿಗೆ ಹೊಡೆದು ಆ ಸ್ಪಂಜನ್ನು ಮುಖಕ್ಕೆ ಒತ್ತುತ್ತೇನೆ. ಮಿನುಗುವ ಹೈಲೈಟರ್ ಇಲ್ಲಿ ಹೊಂದುವುದಿಲ್ಲ.

ಇನ್ನು ಹುಬ್ಬು. ಅವರು ಕಿತ್ತು ದಾರದಂತೆ ಮಾಡಿಕೊಳ್ಳುತ್ತಿದ್ದರು, ಹಣೆ ಎತ್ತರ ಕಾಣಲಿ ಎಂದು ಮುಂಗೂದಲನ್ನೂ ಕೀಳುತ್ತಿದ್ದರು. ನೀವು ಒಂದು ಕೂದಲನ್ನೂ ಕೀಳಬೇಡಿ. ಮಕ್ಕಳು ಕಾಗದ ಅಂಟಿಸುವ, ನೀರಿಗೆ ಬಿಡುವ ಗ್ಲೂ ಸ್ಟಿಕ್ ತೆಗೆದುಕೊಳ್ಳಿ. ಹುಬ್ಬಿನ ಕೆಳ ಅರ್ಧಕ್ಕೂ ಬಾಲಕ್ಕೂ ಮಾತ್ರ, ಮೊದಲು ಕೂದಲಿನ ಎದುರು ದಿಕ್ಕಿಗೆ ಉಜ್ಜಿ, ಆಮೇಲೆ ಮೇಲ್ಮುಖವಾಗಿ ಸ್ಪೂಲಿಯಿಂದ (ಹುಬ್ಬು ಬಾಚುವ ಪುಟ್ಟ ಬ್ರಷ್) ಬಾಚಿ. ಪ್ರತಿ ಕೂದಲೂ ಚರ್ಮಕ್ಕೆ ಚಪ್ಪಟೆಯಾಗಿ ಅಂಟಬೇಕು. ಬೆರಳು ಆಡಿಸಿದರೆ ಗೊತ್ತಾಗುತ್ತದೆ, ತರಿತರಿ ಇದ್ದರೆ ಇನ್ನೊಂದು ಕೋಟ್. ಮೂರು ಕೋಟ್ ಬೇಕಾಗುತ್ತದೆ, ಒಂದೊಂದೂ ಪೂರ್ತಿ ಒಣಗಬೇಕು. ಅವಸರ ಮಾಡಿದರೆ ಎಲ್ಲ ಎದ್ದು ಬರುತ್ತದೆ. ಮೇಲೆ ಪೌಡರ್, ಕಿತ್ತಳೆ ಕರೆಕ್ಟರ್, ಕನ್ಸೀಲರ್, ಮತ್ತೆ ಪೌಡರ್. ಕಿತ್ತಳೆ ಬಿಟ್ಟರೆ ನಮ್ಮ ಕಪ್ಪು ಹುಬ್ಬು ಕೆಳಗಿನಿಂದ ನೀಲಿಯಾಗಿ ಇಣುಕುತ್ತದೆ. ಉಳಿದ ಮೇಲಿನ ಅಂಚೇ ನಿಮ್ಮ ತೆಳು ಕಮಾನು. ಕೂದಲನ್ನು ಬೈತಲೆ ಇಲ್ಲದೆ ಹಿಂದಕ್ಕೆ ಬಾಚಿ ಕಟ್ಟಿದರೆ ಹಣೆ ತಾನಾಗೇ ತೆರೆದುಕೊಳ್ಳುತ್ತದೆ.

ಕೆಂಪಿನ ವಿಷಯ ನನಗೆ ಬಹಳ ಇಷ್ಟ. ಡಾರ್ನ್ಲಿ ಚಿತ್ರದಲ್ಲಿ ರಾಣಿ ಅಷ್ಟು ಬಿಳಿಚಿಕೊಂಡು ಕಾಣುವುದಕ್ಕೆ ಒಂದು ಕಾರಣ, ಕೆನ್ನೆಗೆ ಹಾಕಿದ್ದ ಕೆಂಪು ವರ್ಣದ್ರವ್ಯ ಕಾಲಕ್ರಮೇಣ ಮಾಸಿರುವುದು. ಗ್ಯಾಲರಿಯವರ ಪರೀಕ್ಷೆಯಲ್ಲಿ ಗೊತ್ತಾದದ್ದು ಇದು. ಬರೆದಾಗ ಆ ಕೆನ್ನೆಯಲ್ಲಿ ಗುಲಾಬಿ ರಂಗು ಇತ್ತು. ಹಾಗಾಗಿ ಬ್ಲಶ್ ಹಾಕಲು ಹೆದರಬೇಡಿ. ನಮ್ಮ ಬಣ್ಣಕ್ಕೆ ತಿಳಿ ಗುಲಾಬಿ ಸುಣ್ಣದಂತೆ ಕೂರುತ್ತದೆ. ಇಟ್ಟಿಗೆ ಕೆಂಪು ಅಥವಾ ನೇರಳೆ ಹಣ್ಣಿನ ಬಣ್ಣದ ಕ್ರೀಮ್ ಬ್ಲಶ್ ತೆಗೆದುಕೊಂಡು ಕೆನ್ನೆಯ ನಡುವೆ ಇಟ್ಟು, ಅಂಚು ಎಲ್ಲಿದೆ ಎಂದು ತಿಳಿಯದ ಹಾಗೆ ಕರಗಿಸಿ.

ಆಗಿನ ಕೆಂಪುಗಳಲ್ಲಿ ಎರಡನ್ನು ಹೇಳುತ್ತೇನೆ. ಒಂದು ಇಂಗಳೀಕ, ಪಾದರಸದ್ದು, ಅದನ್ನು ಮುಟ್ಟುವುದೇ ಬೇಡ. ಇನ್ನೊಂದು ಮೆಕ್ಸಿಕೋದಿಂದ ಸ್ಪೇನಿನವರು ತರುತ್ತಿದ್ದ ಕೊಚಿನೀಲ್, ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಹುಳುವಿನಿಂದ ಬರುವ ಬಣ್ಣ. ಇವತ್ತಿನ ಎಷ್ಟೋ ಲಿಪ್‌ಸ್ಟಿಕ್ಕುಗಳಲ್ಲೂ ಅದೇ ಇದೆ. ಲೇಬಲ್ ಮೇಲೆ ಕಾರ್ಮೈನ್ ಅಥವಾ ಅದರ ಬಣ್ಣದ ಸಂಖ್ಯೆ ಸಿ.ಐ. 75470 ಎಂದಿದ್ದರೆ ಅದು ಹುಳುವಿನ ಕೆಂಪು. ಶುದ್ಧ ಸಸ್ಯಾಹಾರಿ ಮದುಮಗಳಿಗೆ ಇದನ್ನು ಮೊದಲೇ ಹೇಳುವುದು ನನ್ನ ಪದ್ಧತಿ.

ತುಟಿ ಚಿಕ್ಕದಾಗಿ ಕಾಣಬೇಕು. ಹೊರ ಮೂಲೆಗಳಿಗೆ ಕನ್ಸೀಲರ್ ಒತ್ತಿ, ಲೈನರ್ ಬಿಡಿ, ಕಡುಗೆಂಪನ್ನು ನಡುವೆ ಹಚ್ಚಿ ಉಂಗುರದ ಬೆರಳಿನಿಂದ ತಟ್ಟಿ. ಹಣ್ಣು ತಿಂದು ಕೆಂಪಾದ ಹಾಗಿರಲಿ. ಕಣ್ಣಿಗೆ ಕಂದು ಮಸ್ಕರಾ, ಬೇಕಿದ್ದರೆ ಮೇಲಿನ ರೆಪ್ಪೆಯ ಒಳಗೆ ತೆಳು ಕಾಡಿಗೆ. ಕಣ್ಣಿನ ಕೊನೆಯಿಂದ ಹೊರಕ್ಕೆ ಎಳೆಯುವ ವಿಂಗ್ ಬೇಡ.

ಕೊನೆಗೆ ಬಟ್ಟೆ. ಗಂಜಿ ಹಾಕಿದ, ಕತ್ತಿನ ಸುತ್ತ ನೆರಿಗೆ ನೆರಿಗೆಯಾಗಿ ನಿಲ್ಲುವ ಆ ಕಾಲದ ದೊಡ್ಡ ಬಿಳಿ ರಫ್ ಕಾಲರ್ ಫೋಟೋಗ್ರಾಫರ್ ಹಿಡಿಯುವ ರಿಫ್ಲೆಕ್ಟರಿನ ಕೆಲಸವನ್ನೂ ಮಾಡುತ್ತದೆ, ಕೆಳಗಿನಿಂದ ಬೆಳಕು ಎಸೆದು ಗದ್ದದ ಕೆಳಗಿನ ನೆರಳು ಅಳಿಸುತ್ತದೆ. ಅಕ್ಕನ ಮಗಳಿಗೆ ಇಸ್ತ್ರಿ ಮಾಡಿದ ಬಿಳಿ ಕಾಟನ್ ಶರ್ಟಿನ ಕಾಲರ್ ಎತ್ತಿ ನಿಲ್ಲಿಸಿದೆ, ಅದೇ ಸಾಕಾಯಿತು. ಹಣೆಯ ಕೂದಲಂಚಿಗೆ ರೆಪ್ಪೆ ಅಂಟಿನಿಂದ ಚಪ್ಪಟೆ ತಳದ ಮೂರು ಮುತ್ತು ಕೂರಿಸಿದೆ. ಅವಳ ಬಣ್ಣದ ಮೇಲೆ ಆ ಮುತ್ತು ಎದ್ದು ಕಂಡ ಹಾಗೆ ಬಿಳಿ ಮುಖದ ಮೇಲೆ ಎಂದಿಗೂ ಕಾಣಲಾರದು.

ತೆಗೆಯುವಾಗ ಮುತ್ತನ್ನು ಎಳೆದು ಕೀಳಬೇಡಿ. ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಒಂದು ನಿಮಿಷ ಒತ್ತಿ ಹಿಡಿದರೆ ತಾನಾಗೇ ಜಾರುತ್ತದೆ. ಹುಬ್ಬಿನ ಮೇಕಪ್ ಎಣ್ಣೆಯಿಂದ ಒರೆಸಿ, ಗ್ಲೂಗೆ ಬಿಸಿನೀರಿನ ಬಟ್ಟೆ ಇಟ್ಟು ಮೆತ್ತಗಾದ ಮೇಲೆ ಕೂದಲು ಬೆಳೆದ ದಿಕ್ಕಿಗೇ ಒರೆಸಿ.