ಪಿಸಿಬಿ ರೌಟಿಂಗ್ ತಂತ್ರಾಂಶಕ್ಕೆ ಕೈಪಿಡಿ ಬರೆಯುವುದು ಹೇಗೆ?

ಪಿಸಿಬಿ, ಅಂದರೆ ಮುದ್ರಿತ ಸರ್ಕ್ಯೂಟ್ ಬೋರ್ಡಿನ ಮೇಲೆ ಬಿಡಿಭಾಗಗಳನ್ನು ಬೆಸುಗೆ ಹಾಕುವ ತಾಣಗಳಾದ ಪ್ಯಾಡ್‌ಗಳನ್ನು ತಾಮ್ರದ ಟ್ರ್ಯಾಕ್‌ಗಳಿಂದ ಜೋಡಿಸುವ ಕೆಲಸವೇ ರೌಟಿಂಗ್. ಆ ದಾರಿಗಳನ್ನು ತಾನಾಗಿ ಹುಡುಕಿಕೊಡುವ ತಂತ್ರಾಂಶವೇ ಆಟೊರೌಟರ್. ಇಂಥ ತಂತ್ರಾಂಶಗಳ ಕೈಪಿಡಿ ಎಷ್ಟೋ ಸಲ ಮೆನುವಿನ ಪ್ರತಿ ಬಟನ್ನಿಗೆ ಒಂದೊಂದು ಸಾಲಿನ ವಿವರಣೆ ಕೊಟ್ಟು ಮುಗಿದುಬಿಡುತ್ತದೆ. ಬಳಕೆದಾರರು ಹುಡುಕುವುದಾದರೋ ಯಾವ ಸಂಖ್ಯೆಯನ್ನು ಎಲ್ಲಿ, ಯಾವ ಅಳತೆಯಲ್ಲಿ ಕೊಡಬೇಕು, ಅದು ತಪ್ಪಿದರೆ ಬೋರ್ಡಿಗೆ ಏನಾಗುತ್ತದೆ ಎಂಬುದನ್ನು. ಕೈಪಿಡಿಯನ್ನು ಇದರ ಸುತ್ತಲೇ ಕಟ್ಟಬೇಕು.

ಮೊದಲು ಎರಡು ಪದರಗಳ ಒಂದು ಚಿಕ್ಕ ಬೋರ್ಡನ್ನು ಮಾದರಿಯಾಗಿ ಆರಿಸಿಕೊಳ್ಳಿ. ಒಂದು ಕನೆಕ್ಟರ್, ಒಂದು ವೋಲ್ಟೇಜ್ ರೆಗ್ಯುಲೇಟರ್, ಒಂದು ಮೈಕ್ರೊಕಂಟ್ರೋಲರ್ ಇದ್ದರೆ ಸಾಕು. ಅದನ್ನು ಆರಂಭದಿಂದ ಕೊನೆಯವರೆಗೆ ರೌಟ್ ಮಾಡುತ್ತ, ಮಾಡಿದ ಪ್ರತಿ ಕೆಲಸವನ್ನೂ ಅದೇ ಕ್ರಮದಲ್ಲಿ ಬರೆದಿಟ್ಟುಕೊಳ್ಳಿ. ಓದುಗರೂ ಅದನ್ನೇ ಮಾಡಿ ನೋಡುವಂತೆ ಆ ಬೋರ್ಡಿನ ಕಡತವನ್ನು ಕೈಪಿಡಿಯ ಜೊತೆಗೇ ಕೊಡಿ.

ನಂತರ ತಂತ್ರಾಂಶದ ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ ಎಂಬುದನ್ನು ತಿಳಿಸಿ. ಜಾವಾದಲ್ಲಿ ಬರೆಯಲಾದ ಮುಕ್ತ ತಂತ್ರಾಂಶ ಫ್ರೀರೌಟಿಂಗ್ ಅನ್ನು ಉದಾಹರಣೆಯಾಗಿ ನೋಡಬಹುದು. ಕಿಕ್ಯಾಡ್‌ನಂಥ ವಿನ್ಯಾಸ ತಂತ್ರಾಂಶದಿಂದ ರಫ್ತಾದ, ಬೋರ್ಡಿನ ವಿವರವಿರುವ ಡಿಎಸ್‌ಎನ್ ಕಡತವನ್ನು ಅದು ಓದುತ್ತದೆ. ರೌಟಿಂಗ್ ಮುಗಿದ ಮೇಲೆ, ಎಳೆದ ಟ್ರ್ಯಾಕ್‌ಗಳ ವಿವರವಿರುವ ಎಸ್‌ಇಎಸ್ ಕಡತವನ್ನು ಬರೆಯುತ್ತದೆ. ಅದನ್ನು ಕಿಕ್ಯಾಡ್‌ಗೆ ಮತ್ತೆ ಆಮದು ಮಾಡಿಕೊಂಡಾಗ ಟ್ರ್ಯಾಕ್‌ಗಳು ಬೋರ್ಡಿನ ಮೇಲೆ ಕಾಣಿಸುತ್ತವೆ. ಬೋರ್ಡಿನ ಅಂಚುರೇಖೆ ಎಲ್ಲಿಯೂ ಬಿಟ್ಟುಹೋಗದೆ ಪೂರ್ತಿ ಮುಚ್ಚಿರಬೇಕು, ಬಿಡಿಭಾಗಗಳನ್ನು ಮೊದಲೇ ಅವುಗಳ ಜಾಗದಲ್ಲಿ ಇಟ್ಟಿರಬೇಕು ಎಂಬ ಪೂರ್ವಸಿದ್ಧತೆಯನ್ನೂ ಇಲ್ಲೇ ಹೇಳಿಬಿಡಬೇಕು.

ಹೆಚ್ಚು ಶ್ರಮ ಬೇಡುವ ಭಾಗ ಅಳತೆಯದು. ಕಿಕ್ಯಾಡ್‌ನಿಂದ ಬರುವ ಡಿಎಸ್‌ಎನ್ ಕಡತದಲ್ಲಿ 0.25 ಮಿಲಿಮೀಟರ್ ಅಗಲದ ಟ್ರ್ಯಾಕ್ 250 ಎಂದು ದಾಖಲಾಗಿರುತ್ತದೆ, ಏಕೆಂದರೆ ಅಲ್ಲಿಯ ಮಾನ ಮೈಕ್ರೊಮೀಟರ್. ಅದೇ ಟ್ರ್ಯಾಕ್ ಎಸ್‌ಇಎಸ್ ಕಡತದಲ್ಲಿ 2500 ಎಂದಾಗುತ್ತದೆ, ಏಕೆಂದರೆ ಅಲ್ಲಿ ಒಂದು ಮೈಕ್ರೊಮೀಟರನ್ನು 10 ಭಾಗ ಮಾಡಿ ಎಣಿಸಲಾಗುತ್ತದೆ. ಇದನ್ನು ಅರಿಯದವರು ಕಡತವನ್ನು ತೆರೆದು ನೋಡಿದರೆ ತಂತ್ರಾಂಶವೇ ಟ್ರ್ಯಾಕ್‌ನ ಅಗಲವನ್ನು ಹತ್ತು ಪಟ್ಟು ಹೆಚ್ಚಿಸಿದೆ ಎಂದುಕೊಳ್ಳುವುದು ಸಹಜ. ಇಂಚಿನ ಸಾವಿರದ ಒಂದು ಭಾಗವಾದ ಮಿಲ್ ಕೂಡ ಈ ಕ್ಷೇತ್ರದಲ್ಲಿ ಬಳಕೆಯಲ್ಲಿದೆ. 1 ಮಿಲ್ ಎಂದರೆ 0.0254 ಮಿಲಿಮೀಟರ್. ಆದ್ದರಿಂದ ಕೈಪಿಡಿಯ ಯಾವ ಪುಟದಲ್ಲಿಯೂ ಮಾನವಿಲ್ಲದ ಬರೀ ಸಂಖ್ಯೆ ಉಳಿಯಕೂಡದು.

ರೌಟಿಂಗ್‌ನ ಪ್ರತಿ ನಿಯಮಕ್ಕೂ ಅದರ ಅರ್ಥ, ಮಾನ, ಮೊದಲೇ ತುಂಬಿರುವ ಬೆಲೆ (ಡೀಫಾಲ್ಟ್ ಸಂಖ್ಯೆ), ಹೆಚ್ಚಿಸಿದರೆ ಅಥವಾ ತಗ್ಗಿಸಿದರೆ ಆಗುವ ಪರಿಣಾಮ, ಇಷ್ಟನ್ನು ಬರೆಯಿರಿ. ಒಂದಕ್ಕೊಂದು ವಿದ್ಯುತ್ ಸಂಪರ್ಕದಲ್ಲಿರಬೇಕಾದ ಪ್ಯಾಡ್‌ಗಳ ಗುಂಪಿಗೆ ನೆಟ್ ಎನ್ನುತ್ತಾರೆ. ಕ್ಲಿಯರೆನ್ಸ್ ಬಗ್ಗೆ ಹೀಗೆ ಬರೆಯಬಹುದು: "ಬೇರೆ ಬೇರೆ ನೆಟ್‌ಗಳಿಗೆ ಸೇರಿದ ತಾಮ್ರದ ಭಾಗಗಳ ನಡುವೆ ಇರಬೇಕಾದ ಕನಿಷ್ಠ ಅಂತರ. ಇದನ್ನು ಹೆಚ್ಚಿಸಿದರೆ ದಾರಿಗಳು ಸಿಗುವುದು ಕಷ್ಟವಾಗುತ್ತದೆ. ಬೋರ್ಡ್ ತಯಾರಕರು ಒಪ್ಪುವ ಮಿತಿಗಿಂತ ತಗ್ಗಿಸಿದರೆ ತಯಾರಿಕೆಯಲ್ಲಿ ಶಾರ್ಟ್ ಆಗುವ ಅಪಾಯವಿದೆ." ಟ್ರ್ಯಾಕ್‌ನ ಅಗಲದ ವಿಷಯದಲ್ಲಿ ಇನ್ನೂ ಒಂದು ಮಾತು ಸೇರಿಸಲೇಬೇಕು. ಯಾವ ನೆಟ್‌ನಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೆ ಎಂಬುದು ಇಂಥ ಆಟೊರೌಟರ್‌ಗೆ ತಿಳಿಯದು. ಒಂದೇ ನಿಯಮಗಳನ್ನು ಪಾಲಿಸುವ ನೆಟ್‌ಗಳ ಗುಂಪಾದ ನೆಟ್ ಕ್ಲಾಸ್‌ನಲ್ಲಿ ಕೊಟ್ಟ ಅಗಲವನ್ನು ಅದು ಹಾಗೆಯೇ ಪಾಲಿಸುತ್ತದೆ. ಪವರ್ ನೆಟ್‌ಗಳಿಗೆ ಸಾಕಷ್ಟು ಅಗಲವನ್ನು ಲೆಕ್ಕಹಾಕಿ ಕೊಡುವ ಹೊಣೆ ವಿನ್ಯಾಸಕಾರರದು.

ಕೆಲವು ನೆಟ್‌ಗಳು ಜೋಡಣೆಯಾಗದೆ ಉಳಿದರೆ ಏನು ಮಾಡಬೇಕು ಎಂಬುದಕ್ಕೆ ಪ್ರತ್ಯೇಕ ಅಧ್ಯಾಯವೇ ಇರಲಿ, ಏಕೆಂದರೆ ಬಳಕೆದಾರರು ಕೈಪಿಡಿಯನ್ನು ತೆರೆಯುವುದು ಹೆಚ್ಚಾಗಿ ಆಗಲೇ. ಕಾರಣವನ್ನು ತುಸು ವಿವರಿಸಿದರೆ ಪರಿಹಾರ ಸುಲಭವಾಗಿ ಅರ್ಥವಾಗುತ್ತದೆ. 1961ರಲ್ಲಿ ಪ್ರಕಟವಾದ, ದಾರಿ ಹುಡುಕುವ ವಿಧಾನವಾದ ಲೀ ಅಲ್ಗಾರಿದಮ್, ಬೋರ್ಡನ್ನು ಚೌಕಗಳಾಗಿ ವಿಂಗಡಿಸಿಕೊಂಡು, ಕಲ್ಲು ಬಿದ್ದ ನೀರಿನಲ್ಲಿ ಅಲೆ ಹರಡುವಂತೆ, ಒಂದು ಪ್ಯಾಡ್‌ನಿಂದ ಚೌಕ ಚೌಕವಾಗಿ ಹರಡುತ್ತ ಇನ್ನೊಂದು ಪ್ಯಾಡ್ ಅನ್ನು ಮುಟ್ಟುತ್ತದೆ. ದಾರಿ ಇದ್ದರೆ ಅತಿ ಚಿಕ್ಕ ದಾರಿಯೇ ಸಿಗುತ್ತದೆ. ಆದರೆ ಹಾಗೆ ಎಳೆದ ಟ್ರ್ಯಾಕ್ ಮುಂದಿನ ನೆಟ್‌ಗೆ ಅಡ್ಡಿಯಾಗಬಹುದು. ಅದಕ್ಕಾಗಿಯೇ ಅನೇಕ ರೌಟರ್‌ಗಳು ಎಳೆದದ್ದನ್ನು ಕಿತ್ತು ಬೇರೆ ದಾರಿಯಲ್ಲಿ ಮತ್ತೆ ಎಳೆಯುತ್ತವೆ. ನಿಮ್ಮ ತಂತ್ರಾಂಶ ಯಾವ ವಿಧಾನ ಅನುಸರಿಸುತ್ತದೆ, ಎಷ್ಟು ಸುತ್ತುಗಳ ನಂತರ ನಿಲ್ಲುತ್ತದೆ ಎಂಬುದನ್ನು ತಿಳಿಸಿ, ಬಿಡಿಭಾಗಗಳನ್ನು ಸರಿಸಿ ನೋಡುವುದು, ಇನ್ನೊಂದು ಪದರಕ್ಕೆ ಅವಕಾಶ ಕೊಡುವುದು ಮುಂತಾದ ಪರಿಹಾರಗಳನ್ನು ಪ್ರಯತ್ನಿಸಬೇಕಾದ ಕ್ರಮದಲ್ಲಿಯೇ ಕೊಡಿ. ಫಲಿತಾಂಶವನ್ನು ಆಮದು ಮಾಡಿಕೊಂಡ ಮೇಲೆ ಡಿಆರ್‌ಸಿ ತಪಾಸಣೆ (ವಿನ್ಯಾಸದ ನಿಯಮಗಳು ಪಾಲನೆಯಾಗಿವೆಯೇ ಎಂದು ನೋಡುವ ಪರೀಕ್ಷೆ) ನಡೆಸಲು ಮರೆಯದಂತೆ ಸೂಚಿಸಿ.

ಪರದೆಯ ಚಿತ್ರಗಳನ್ನು ಮಿತವಾಗಿ ಬಳಸುವುದು ಒಳಿತು. ಮೆನು ಬದಲಾದೊಡನೆ ಅವು ಹಳತಾಗುತ್ತವೆ. ಕರಡು ಸಿದ್ಧವಾದ ಮೇಲೆ ತಂತ್ರಾಂಶವನ್ನು ಎಂದೂ ಬಳಸದ ಒಬ್ಬರಿಗೆ ಮಾದರಿ ಬೋರ್ಡಿನೊಂದಿಗೆ ಅದನ್ನು ಕೊಟ್ಟು, ಬಾಯಿಮಾತಿನಲ್ಲಿ ಏನನ್ನೂ ಹೇಳಿಕೊಡದೆ, ಅವರು ಎಲ್ಲೆಲ್ಲಿ ತಡೆದು ನಿಲ್ಲುತ್ತಾರೆ ಎಂಬುದನ್ನು ಗುರುತು ಹಾಕಿಕೊಂಡು ಆ ವಾಕ್ಯಗಳನ್ನು ತಿದ್ದಿ. ಕೈಪಿಡಿ ಯಾವ ಆವೃತ್ತಿಗೆ ಅನ್ವಯಿಸುತ್ತದೆ ಎಂಬುದನ್ನು ಮೊದಲ ಪುಟದಲ್ಲಿ ನಮೂದಿಸಿ. ಮುಂದಿನ ಆವೃತ್ತಿಯಲ್ಲಿ ಮೊದಲೇ ತುಂಬಿರುವ ಯಾವುದೇ ಬೆಲೆ ಬದಲಾದರೆ, ಹಳೆಯ ಬೆಲೆ ಮತ್ತು ಹೊಸ ಬೆಲೆ ಎರಡನ್ನೂ ಆ ನಿಯಮದ ವಿವರಣೆಯ ಕೆಳಗೇ ಸೇರಿಸಿ.