ಸಹವಿಶ್ವಾಸಿಯ ತಪ್ಪು ಕಂಡಾಗ: ತೀರ್ಪು ಮಾಡದೆ ನಡೆದುಕೊಳ್ಳುವ ಬಗೆ

ಬೈಬಲಿನ ಮತ್ತಾಯ 7:1ರ ‘ತೀರ್ಪು ಮಾಡಬೇಡಿ’ ಎಂಬ ಮಾತು ಕ್ರೈಸ್ತ ಸಭೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಇನ್ನೊಬ್ಬರ ಬಾಯಿ ಮುಚ್ಚಿಸಲು. ಐದನೇ ವಚನದವರೆಗೆ ಓದಿದರೆ ಚಿತ್ರವೇ ಬೇರೆ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆ, ಅಂದರೆ ಸಣ್ಣ ಕಸ, ತೆಗೆಯಲು ಕಣ್ಣು ಕಾಣುತ್ತದೆ ಎನ್ನುತ್ತಾನೆ ಯೇಸು. ರವೆಯನ್ನು ಮುಟ್ಟಲೇಬೇಡ ಎಂದಿಲ್ಲ, ಯಾವುದು ಮೊದಲು ಎಂದು ಹೇಳಿದ್ದಾನೆ.

ಆದ್ದರಿಂದ ಮಾತಾಡುವ ಮುಂಚೆ ವಿಷಯವನ್ನು ವಿಂಗಡಿಸಿ. ಅದು ಒಬ್ಬೊಬ್ಬರ ಮನಸ್ಸಾಕ್ಷಿಗೆ ಬಿಟ್ಟದ್ದೇ? ವೇದವೇ, ಅಂದರೆ ಬೈಬಲೇ, ಪಾಪವೆಂದು ಹೆಸರಿಟ್ಟದ್ದೇ? ಕಾನೂನಿನ ಕಣ್ಣಲ್ಲಿ ಅಪರಾಧವೇ? ಮೂರಕ್ಕೂ ದಾರಿ ಬೇರೆ ಬೇರೆ. ಒಂದರ ದಾರಿಯಲ್ಲಿ ಇನ್ನೊಂದನ್ನು ಎಳೆದೊಯ್ದಾಗಲೇ ಸಭೆ ಒಡೆಯುತ್ತದೆ.

ನಮ್ಮ ಜಗಳಗಳಲ್ಲಿ ಹೆಚ್ಚಿನವು ಮೊದಲ ಬಗೆಯವು: ಒಡವೆ, ಮುಡಿಯುವ ಹೂವು, ಬೊಟ್ಟು, ತಲೆಯ ಮುಸುಕು, ಸಿನಿಮಾ, ಈಸ್ಟರ್‌ಗೆ ಮುಂಚಿನ ಶ್ರಮೆಯ ಕಾಲದಲ್ಲಿ ಮಾಂಸ. ಒಂದು ಸಭೆಯಲ್ಲಿ ತಾಳಿಯಲ್ಲೇ ಶಿಲುಬೆ ಇರುತ್ತದೆ, ಪಕ್ಕದ ಬೀದಿಯ ಪೆಂತೆಕೋಸ್ತ ಸಭೆಯಲ್ಲಿ ಕಿವಿಯ ಓಲೆಯನ್ನೂ ತೆಗೆದಿಟ್ಟಿರುತ್ತಾರೆ. ಎರಡೂ ಕಡೆಯವರು ಮದುವೆ ಮನೆಯಲ್ಲಿ ಸೇರಿದರೆ ಕಣ್ಣು ಮೊದಲು ಹೋಗುವುದು ಎದುರಿನವರ ಕುತ್ತಿಗೆಗೆ.

ರೋಮಾಪುರದ ಸಭೆಯಲ್ಲೂ ಇಂಥದ್ದೇ ನಡೆದಿತ್ತು. ಕ್ಲೌದ್ಯ ಚಕ್ರವರ್ತಿ ಯೆಹೂದ್ಯರನ್ನು ಊರು ಬಿಡಿಸಿದ್ದ; ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಕೊರಿಂಥಕ್ಕೆ ಬಂದದ್ದು ಹಾಗೆ. ಅವನ ಕಾಲದ ನಂತರ ಯೆಹೂದಿ ವಿಶ್ವಾಸಿಗಳು ಮರಳಿದಾಗ ಸಭೆಯಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ರೂಢಿಯೇ ಬಲವಾಗಿತ್ತು ಎಂದು ಅನೇಕ ವಿದ್ವಾಂಸರು ವಿವರಿಸುತ್ತಾರೆ. ಮಾಂಸ ತಿನ್ನಬಹುದೇ, ಯಾವ ದಿನ ವಿಶೇಷ ಎಂಬ ತಕರಾರಿಗೆ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯವೇ ಉತ್ತರ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ಗಮನಿಸಿ, ಇಬ್ಬರ ಕಾಯಿಲೆ ಒಂದೇ ಅಲ್ಲ. ಒಡವೆ ಹಾಕುವವರಿಗೆ ‘ಅಯ್ಯೋ, ಹಳೇ ಕಾಲದವರು’ ಎಂಬ ಅಸಡ್ಡೆ, ಬಿಟ್ಟವರಿಗೆ ‘ಇವರಿಗೆ ರಕ್ಷಣೆಯೇ (ಪಾಪದಿಂದ ಬಿಡುಗಡೆ) ಆಗಿಲ್ಲ’ ಎಂಬ ಅನುಮಾನ. ನಿಮ್ಮದು ಯಾವುದು ಎಂದು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ನೆರೆಮನೆಯವರು ಹಬ್ಬದ ದಿನ ಕೊಡುವ ಕಡುಬಿನ ವಿಷಯ ಬಂದರೆ 1 ಕೊರಿಂಥ 10:25–29 ನೋಡಿ. ಊಟಕ್ಕೆ ಕರೆದಾಗ ತನಿಖೆ ಮಾಡಬೇಡಿ. ಇದು ನೈವೇದ್ಯದ್ದು ಎಂದು ಯಾರಾದರೂ ಹೇಳಿದರೆ, ಹೇಳಿದವನ ಸಲುವಾಗಿ ತಿನ್ನಬೇಡಿ. ಬೇಡವೆನ್ನುವಾಗ ತಟ್ಟೆ ದೂಡದೆ, ಮುಖ ಗಂಟಿಕ್ಕದೆ ಹೇಳಿ. ಇನ್ನೊಬ್ಬ ವಿಶ್ವಾಸಿ ತಿಂದದ್ದು ಕಂಡರೆ ಅಲ್ಲೇ ಪಾಠ ಮಾಡಬೇಡಿ.

ಎರಡನೆಯ ಬಗೆ ಎಂದರೆ ಸುಳ್ಳು, ವ್ಯಭಿಚಾರ, ಸಭೆಯೊಳಗಿನ ದ್ರೋಹ. ಇಲ್ಲಿ ಸುಮ್ಮನಿರುವುದು ಪ್ರೀತಿಯಲ್ಲ. ತಪ್ಪಿದವರ ಬಳಿ ಹೊರಡುವ ಮುಂಚೆ ಒಂದು ಹಾಳೆಯಲ್ಲಿ, ಕಣ್ಣಾರೆ ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಬೇರೆ ಬೇರೆ ಬರೆಯಿರಿ. ಕಂಡದ್ದರ ಕೆಳಗೆ ಏನೂ ಇಲ್ಲದಿದ್ದರೆ ಹಾಳೆ ಹರಿದುಹಾಕಿ. ಇದ್ದರೆ ಒಂದು ರಾತ್ರಿ ಕಳೆಯಲಿ. ಅಷ್ಟರಲ್ಲಿ ಅದೇ ತಪ್ಪು ಬೇರೆ ರೂಪದಲ್ಲಿ ನಿಮ್ಮಲ್ಲಿದೆಯೇ ನೋಡಿಕೊಳ್ಳಿ. ಗಲಾತ್ಯ 6:1 ಎಚ್ಚರಿಸುವುದು ತಿದ್ದಲು ಹೋಗುವವನನ್ನೇ.

ಆಮೇಲೆ ಮತ್ತಾಯ 18:15ರಂತೆ ಒಬ್ಬರೇ ಹೋಗಿ. ವಾಟ್ಸಾಪ್‌ನಲ್ಲಿ ಬೇಡ, ಆರಾಧನೆ ಮುಗಿದ ಕೂಡಲೇ ಬಾಗಿಲ ಬಳಿಯೂ ಬೇಡ. ‘ನೀವು ಈಚೆಗೆ ಸರಿಯಿಲ್ಲ’ ಎಂದರೆ ಅದು ಮನುಷ್ಯನ ಮೇಲಿನ ತೀರ್ಪು. ‘ಅಣ್ಣಾ, ಯುವಕರ ಕೂಟದ ಲೆಕ್ಕದಲ್ಲಿ ಎರಡು ಸಾವಿರ ಕಡಿಮೆ ಇದೆ, ಏನಾಯ್ತು ಅಂತ ನಿಮ್ಮಿಂದಲೇ ಕೇಳೋಣ ಅಂತ ಬಂದೆ’ ಎಂದರೆ ಅದು ವಿಷಯ. ಕೇಳಿದ ಮೇಲೆ ಅವರು ಪೂರ್ತಿ ಹೇಳಿ ಮುಗಿಸುವ ತನಕ ಬಾಯಿ ತೆರೆಯಬೇಡಿ. ಎಷ್ಟೋ ಸಲ ರಸೀದಿ ಜೇಬಿನಲ್ಲೇ ಇರುತ್ತದೆ.

ಅವರು ನಿಮ್ಮ ಮಾತು ಕೇಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಕರೆದೊಯ್ಯಿರಿ. ಇಲ್ಲೇ ಹೆಚ್ಚು ಕೆಡುವುದು, ಏಕೆಂದರೆ ಜನ ತಮ್ಮ ಕಡೆಯವರನ್ನೇ ಆರಿಸುತ್ತಾರೆ. ಅವರು ಸಾಕ್ಷಿಗಳು, ನಿಮ್ಮದೂ ತಪ್ಪಿದ್ದರೆ ಹೇಳಬಲ್ಲವರಾಗಿರಬೇಕು. ಆಗಲೂ ಆಗದಿದ್ದರೆ ಮಾತ್ರ ಸಭೆಗೆ. ಸಭೆಯ ಹಿರಿಯರ ಮೇಲಿನ ದೂರಾದರೆ ಇಬ್ಬರು ಮೂವರು ಸಾಕ್ಷಿಗಳು ಬೇಕೆಂದು 1 ತಿಮೊಥೆಯ 5:19 ಹೇಳುತ್ತದೆ.

ಈ ಮೆಟ್ಟಿಲುಗಳನ್ನೆಲ್ಲ ಹಾರಿಹೋಗುವ ಸುಲಭದ ಅಡ್ಡದಾರಿಯೊಂದಿದೆ. ‘ಅವರ ಮನೆಗಾಗಿ ಸ್ವಲ್ಪ ಪ್ರಾರ್ಥನೆ ಮಾಡಿ, ವಿವರ ಆಮೇಲೆ ಹೇಳ್ತೀನಿ.’ ಪ್ರಾರ್ಥನಾ ಕೂಟದಲ್ಲಿ ಈ ಮಾತು ಕೇಳಿದರೆ, ಅವರ ಹತ್ತಿರ ನೇರವಾಗಿ ಮಾತಾಡಿದ್ದೀರಾ ಎಂದು ಮೆತ್ತಗೆ ಕೇಳಿ. ಇಲ್ಲವೆಂದರೆ ಆ ವಿವರ ನಿಮಗೆ ಬೇಡ.

ಮೂರನೆಯ ಬಗೆಗೆ ಮತ್ತಾಯ 18ರ ಸರದಿ ಕಾಯಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ; ಮಕ್ಕಳ ಸಹಾಯವಾಣಿ 1098. ಗಂಡ ಹೊಡೆಯುತ್ತಿದ್ದರೆ ಆಕೆಯನ್ನು ‘ಒಬ್ಬಳೇ ಹೋಗಿ ಮಾತಾಡು’ ಎಂದು ವಾಪಸ್ ಕಳಿಸುವುದು ವೇದವನ್ನು ತಪ್ಪಾಗಿ ಓದಿದಂತೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲು ಜೊತೆಗಿರಿ.

ತಪ್ಪಿದವರು ತಿರುಗಿಕೊಂಡಾಗ ಅವರನ್ನು ಕ್ಷಮಿಸಿ ಸಂತೈಸಬೇಕೆಂದು 2 ಕೊರಿಂಥ 2:7 ಹೇಳುತ್ತದೆ. ಗಾಯನ ತಂಡದಿಂದಲೋ ಲೆಕ್ಕದ ಕೆಲಸದಿಂದಲೋ ದೂರವಿಟ್ಟಿದ್ದರೆ, ಎಷ್ಟು ತಿಂಗಳು, ಆಮೇಲೆ ಯಾರು ನೋಡಿ ನಿರ್ಧರಿಸುತ್ತಾರೆ ಎಂಬುದನ್ನು ದೂರವಿಡುವ ದಿನವೇ ಅವರಿಗೆ ತಿಳಿಸಿ. ದುಡ್ಡಿನ ಕೆಲಸಕ್ಕೆ ಮರಳಿಸುವಾಗ ಎಣಿಸಲು ಇಬ್ಬರಿರಲಿ. ಆ ನಿಯಮ ಅವರೊಬ್ಬರಿಗಲ್ಲ, ಎಲ್ಲರಿಗೂ ಇರಲಿ.